ಏನೂ ಸಿಗಲಿಲ್ಲ ಎಂದು ಬರೆದವಳು

ಕಲ್ಲು ಇತ್ತು. ಮುನಿಯಪ್ಪನವರು ಕಾಲೂರಿ ತೋರಿಸಿದ ಜಾಗದಲ್ಲೇ ಇತ್ತು — ಒಂದು ಮೊಳ ಆಚೆ ಅಲ್ಲ, ಒಂದು ಮೊಳ ಈಚೆ ಅಲ್ಲ. ಅದನ್ನು ನಾನು ಕಣ್ಣಾರೆ ನೋಡಿದೆ, ಕೈಯಿಂದ ಮಣ್ಣು ಒರೆಸಿದೆ, ಅದರ ಮೇಲಿನ ಸಾಲುಗಳನ್ನು ಓದಿದೆ. ಮೂರು ದಿನ ಕಳೆದು, ಅವರ ಮಗನೂ ದಾಯಾದಿಗಳೂ ಕೇಳುವ ಹಾಗೆ, ಅಲ್ಲಿ ಏನೂ ಇರಲಿಲ್ಲ ಎಂದು ಅವರ ಮುಖಕ್ಕೇ ಹೇಳಿದೆ.

ಇದನ್ನು ಸುತ್ತಿ ಬಳಸಿ ಹೇಳಬಹುದಿತ್ತು. ಏಳು ವರ್ಷ ನನಗೆ ನಾನೇ ಹಾಗೆ ಹೇಳಿಕೊಂಡೆ — ಪರಿಸ್ಥಿತಿ ಹಾಗಿತ್ತು, ಒತ್ತಡ ಇತ್ತು, ನಾನು ಆಗಿನ್ನೂ ಚಿಕ್ಕವಳು. ಥೂ! ಇಪ್ಪತ್ತೇಳು ವರ್ಷದವಳು ಚಿಕ್ಕವಳೇ? ನನ್ನ ಕುತ್ತಿಗೆಗೆ ಯಾರೂ ಕತ್ತಿ ಹಿಡಿದಿರಲಿಲ್ಲ. ಒಬ್ಬ ಒಂದು ಪ್ರಶ್ನೆ ಕೇಳಿದ, ಅದಕ್ಕೆ ಉತ್ತರ ಹೇಳಲು ನನಗೆ ನಾಚಿಕೆಯಾಯಿತು. ಆ ನಾಚಿಕೆಯನ್ನು ಮುಚ್ಚಲು ಒಬ್ಬ ಮುದುಕನ ಮಾನ ಕಳೆದೆ. ಇಷ್ಟೇ ನಡೆದದ್ದು.

ಅಮೃತಹಳ್ಳಿಯಿಂದ ಜಕ್ಕೂರಿನ ಕಡೆಗೆ ಹೋಗುವಾಗ ಎತ್ತರದ ಕಾಂಪೌಂಡಿನ ಒಳಗೆ ಒಂದು ಹಳೆಯ ತೋಟವಿದೆ. ಊರಿನವರ ಬಾಯಲ್ಲಿ ಅದು ದೊರೆ ತೋಟ. ಬಿಳಿಯ ಅಧಿಕಾರಿಯೊಬ್ಬ ಕಟ್ಟಿಸಿದ ಹೆಂಚಿನ ಬಂಗಲೆ, ಕುದುರೆ ಲಾಯ, ಮೆಟ್ಟಿಲು ಬಾವಿ, ಸಾಲು ಮಾವಿನ ಮರಗಳು. 2012ರಲ್ಲಿ ಅದರ ಈಗಿನ ಯಜಮಾನರು ಅದನ್ನು ಮದುವೆ, ಆರತಕ್ಷತೆಗೆ ಬಾಡಿಗೆಗೆ ಕೊಡುವ ಜಾಗ ಮಾಡಲು ಹೊರಟು, ನೀರಿನ ಪೈಪು, ಒಳಚರಂಡಿ ಎಳೆಸುತ್ತಿದ್ದರು. ಬಂಗಲೆ ಹಳೆಯ ಕಟ್ಟಡಗಳ ಪಟ್ಟಿಯಲ್ಲಿದ್ದುದರಿಂದ ಅನುಮತಿಯ ಜೊತೆ ಒಂದು ಶರತ್ತು ಬಂದಿತ್ತು. ನೆಲ ಅಗೆಯುವಷ್ಟು ಹೊತ್ತೂ ಪುರಾತತ್ತ್ವ ಓದಿದವರೊಬ್ಬರು ಗುಂಡಿಯ ಪಕ್ಕ ನಿಂತಿರಬೇಕು. ಏನಾದರೂ ಕಂಡರೆ ಕೆಲಸ ನಿಲ್ಲಿಸಿ ತಿಳಿಸಬೇಕು. ದಿನಕ್ಕೊಂದು ಹಾಳೆ ಬರೆದು ಸಹಿ ಮಾಡಬೇಕು. ಹಾಗೆ ನಿಲ್ಲಲು ನೇಮಕವಾದವಳು ನಾನು. ಆರ್.ಟಿ. ನಗರದಿಂದ ಬಸ್ಸು ಹತ್ತಿ ಬಂದು, ತಲೆಗೆ ಟೋಪಿ ಹಾಕಿಕೊಂಡು, ಜೆಸಿಬಿ ಮಣ್ಣು ಎತ್ತುವುದನ್ನು ಬೆಳಗಿನಿಂದ ಸಂಜೆವರೆಗೆ ನೋಡುವುದು — ಅದೇ ನನ್ನ ಉದ್ಯೋಗ.

ಮೂರು ವಾರ ಏನೂ ಸಿಗಲಿಲ್ಲ. ಒಡೆದ ಹೆಂಚು, ಸೋಡಾ ಬಾಟಲಿ, ಒಂದು ಕುದುರೆ ಲಾಳ. ಹಾಳೆಯಲ್ಲಿ ‘ಕಂಡುಬಂದ ಅವಶೇಷ’ ಎಂಬ ಕಡೆ ದಿನವೂ ‘ಇಲ್ಲ’ ಎಂದು ಬರೆಯುತ್ತಿದ್ದೆ. ಬರೆದೂ ಬರೆದೂ ಬೇಜಾರಾಗಿ, ನಾಲ್ಕನೆಯ ವಾರ ಸೋಮವಾರವೇ ಕೂತು ಶನಿವಾರದ ತನಕದ ಆರೂ ಹಾಳೆಗಳಲ್ಲಿ ‘ಇಲ್ಲ’ ಎಂದು ಬರೆದು, ಸಹಿ ಹಾಕಿ, ಸೈಟ್ ಎಂಜಿನಿಯರ್ ಗಿರೀಶನ ಕೈಗೆ ಕೊಟ್ಟೆ. ಅವನು ಪಿನ್ನು ಹೊಡೆದು ಫೈಲಿಗೆ ಸೇರಿಸಿದ. ಈ ಕೆಲಸ ಮಾಡುವ ಎಷ್ಟೋ ಜನ ಹೀಗೇ ಮಾಡುತ್ತಾರೆ ಎಂದು ನನಗೆ ಗೊತ್ತು. ಅವರ ಹೆಸರು ಹೇಳಿ ನಾನು ಹಗುರಾಗುವುದಿಲ್ಲ. ಇನ್ನೂ ಅಗೆಯದ ನೆಲದಲ್ಲಿ ಏನೂ ಇಲ್ಲ ಎಂದು ಬರೆದ ಕೈ ನನ್ನದು.

ಮುನಿಯಪ್ಪನವರು ಬಂದದ್ದು ಆ ಮಂಗಳವಾರ. ಎಪ್ಪತ್ತು ದಾಟಿದವರು, ತಲೆಗೆ ಟವೆಲ್ಲು ಸುತ್ತಿದ್ದರು. ಗೇಟಿನವನು ಒಳಗೆ ಬಿಡದೆ ಗದರುತ್ತಿದ್ದ. ನಾನೇ ಹೋಗಿ ಏನೆಂದು ಕೇಳಿದೆ. ತೋಟದ ಕಾಂಪೌಂಡಿಗೆ ಅಂಟಿಕೊಂಡೇ ಅವರ ಮನೆ, ಮನೆಯ ಹಿಂದೆ ಗೋಡೆಯ ಉದ್ದಕ್ಕೂ ಒಂದು ತುಂಡು ಜಮೀನು. ಉಳಿದದ್ದೆಲ್ಲ ಎಂದೋ ಲೇಔಟ್ ಆಗಿಹೋಗಿತ್ತು.

"ಒಳಗೆ ನಮ್ಮನೆ ವೀರಗಲ್ಲು ಐತೆ ಅಮ್ಮಣ್ಣಿ," ಅಂದರು. "ನಮ್ ಕುಲದ ಇರೀಕ ಅದು. ಆ ಬಿಳಿ ದೊರೆ ಎಲ್ಲೆಲ್ಲಿಂದಾನೋ ಕೆತ್ತಿದ್ ಕಲ್ಲೆಲ್ಲ ತಂದು ತೋಟದಾಗೆ ಸೋಕಿಗೆ ನಿಲ್ಲುಸ್ತಿದ್ನಂತೆ. ಇದ್ನೂ ಅಂಗೇ ನಿಲ್ಲುಸ್ಕೊಂಬುಡ್ತಾನೆ ಅಂತ ನಮ್ಮೋರು ಎದ್ರಿ, ಕಲ್ಲಿಗೆ ಅರಿಶಿಣ ಬಳ್ದು, ಇದ್ದ ಜಾಗ್ದಾಗೇ ಮಕಾಡೆ ಮಲಗ್ಸಿ ಮಣ್ಣು ಮುಚ್ಬುಟ್ರು."

ಅಂದಿನಿಂದ ಆ ಮನೆಯವರು ಪ್ರತಿ ಪಿತೃಪಕ್ಷದಲ್ಲೂ ಗೋಡೆಯ ಹೊರಗೆ, ತಮ್ಮ ತುಂಡು ಜಮೀನಿನಲ್ಲಿ ನಿಂತು, ಗೋಡೆಗೆ ಮುಖ ಮಾಡಿ ಎಡೆ ಇಡುತ್ತಿದ್ದರು. ಕಾಣದ ಕಲ್ಲಿಗೆ ಕೈ ಮುಗಿಯುತ್ತಿದ್ದರು. ಜಾಗದ ಗುರುತು ಗೊತ್ತಿದ್ದದ್ದು ಮುನಿಯಪ್ಪನವರಿಗೆ ಒಬ್ಬರಿಗೇ. ಚಿಕ್ಕಂದಿನಲ್ಲಿ ಅವರ ತಾತ ನೀರು ತರುವ ನೆಪದಲ್ಲಿ ತೋಟಕ್ಕೆ ಕರೆದುಕೊಂಡು ಹೋಗಿ, ಬಾವಿಯ ಮೇಲಿನ ಮೆಟ್ಟಿಲಿನಿಂದ ಹೆಜ್ಜೆ ಎಣಿಸಿ ಹೇಳಿಕೊಟ್ಟಿದ್ದರಂತೆ. ಆಮೇಲೆ ಆ ಗೇಟು ಅವರಿಗೆ ತೆರೆದದ್ದು ನನ್ನ ಕಾಲದಲ್ಲೇ.

ನಾನು ಅವರನ್ನು ಬಾವಿಯ ಹತ್ತಿರ ಕರೆದುಕೊಂಡು ಹೋದೆ. ಚಪ್ಪಲಿ ಬಿಟ್ಟರು. ಮೆಟ್ಟಿಲಿಗೆ ಬೆನ್ನು ಕೊಟ್ಟು ನಿಂತು, ತುಟಿ ಅಲ್ಲಾಡಿಸುತ್ತ ಹೆಜ್ಜೆ ಹಾಕಿದರು. ಮಾವಿನ ಸಾಲು ದಾಟಿ, ಲಾಯದ ಮೂಲೆಯ ಹತ್ತಿರ ನಿಂತು, ಬಲಗಾಲನ್ನು ನೆಲಕ್ಕೆ ಒತ್ತಿದರು. ಪೈಪಿನ ದಾರಿ ಸರಿಯಾಗಿ ಅದರ ಮೇಲೇ ಹೋಗುತ್ತಿತ್ತು. ಎರಡು ದಿನದಲ್ಲಿ ಜೆಸಿಬಿ ಅಲ್ಲಿಗೆ ಬರುವುದಿತ್ತು. ನಾನು ಸುಣ್ಣದ ಪುಡಿ ತರಿಸಿ ಒಂದು ಚೌಕ ಹಾಕಿದೆ.

"ನೀನಿಲ್ದೆ ಮಿಸನ್ನು ಬಿಡ್ಬೇಡ ಕಣವ್ವ," ಅಂದರು. "ಮೇಲಕ್ಕೆ ಎದ್ದೇಟ್ಗೇ ನಮ್ಮನೆ ನೀರು ಬೀಳ್ಬೇಕು ಅದರ ಮ್ಯಾಕೆ. ಆಮ್ಯಾಕೆ ಸರ್ಕಾರದೋರೇ ತಕೊಂಡೋಗ್ಲಿ, ಬ್ಯಾಡ ಅನ್ನಾಕಿಲ್ಲ. ನಮ್ಮೋರು ಒಂದ್ ಸಲ ಕಣ್ತುಂಬ ನೋಡುದ್ರೆ ಸಾಕು."

"ನಾನೇ ನಿಂತಿರ್ತೀನಿ ತಾತ," ಅಂದೆ. "ಅಲ್ಲಿ ಜೆಸಿಬಿ ಬಿಡಲ್ಲ. ಆಳುಗಳ ಕೈಲೇ ತೆಗೆಸ್ತೀನಿ. ನಿಮ್ಗೆ ಹೇಳಿ ಕಳಿಸ್ತೀನಿ."

ಎಷ್ಟು ಸಲೀಸಾಗಿ ಹೇಳಿಬಿಟ್ಟೆ! ನಿಜ ಹೇಳಲೇ — ನಾನು ಅವರನ್ನು ನಂಬಿರಲಿಲ್ಲ. ಜನ ಹೇಳುವ ಕಥೆಗಳಲ್ಲಿ ಜಾಗ ಬದಲಾಗುತ್ತದೆ, ಊರೂ ಬದಲಾಗುತ್ತದೆ ಎಂದು ತರಗತಿಯಲ್ಲಿ ಕಲಿತಿದ್ದೆನಲ್ಲ, ದೊಡ್ಡ ಪಂಡಿತೆ! ಬರಿಗಾಲಿನಲ್ಲಿ ಹೆಜ್ಜೆ ಹಾಕಿದ ಮನುಷ್ಯನನ್ನು ನಾನು ಕಂಡದ್ದು ಟಿಪ್ಪಣಿಗೆ ಒಳ್ಳೆಯ ವಸ್ತು ಎಂದು. ಮನೆಗೆ ಹೋಗಿ ಅವರ ಮಾತುಗಳನ್ನು ಚೆಂದವಾಗಿ ಬರೆದಿಟ್ಟುಕೊಂಡೆ ಕೂಡ.

ಗುರುವಾರ ಬೆಳಿಗ್ಗೆ ಬಂಗಲೆಗೆ ಹೊರದೇಶದ ಪ್ರಾಧ್ಯಾಪಕರೊಬ್ಬರು ಅತಿಥಿಯಾಗಿ ಬಂದಿದ್ದರು. ಯಜಮಾನರು ನನ್ನನ್ನೂ ತಿಂಡಿಗೆ ಕರೆದರು. ಆ ಪ್ರಾಧ್ಯಾಪಕರ ಒಂದು ಶಿಫಾರಸು ಪತ್ರ ಸಿಕ್ಕರೆ ನನ್ನ ಮುಂದಿನ ಓದಿಗೆ ದಾರಿಯಾಗುತ್ತಿತ್ತು. ಹತ್ತು ನಿಮಿಷ ಎಂದುಕೊಂಡು ಹೋದೆ. ಜಗಲಿಯಲ್ಲಿ ಇಡ್ಲಿ ತಿನ್ನುತ್ತ ಒಂದೂವರೆ ಗಂಟೆ ಕೂತೆ. ಏನು ಮಾತಾಡಿದೆ ಗೊತ್ತೇ? ನನ್ನ ಕೆಲಸದ ಶಿಸ್ತಿನ ಬಗ್ಗೆ. ಸೂಕ್ಷ್ಮ ಜಾಗದಲ್ಲಿ ಹಲ್ಲಿರುವ ಬಕೆಟ್ ಬಳಸಬಾರದು, ಸಪಾಟು ಬಾಯಿಯದ್ದನ್ನೇ ಹಾಕಿಸಿ ಪದರ ಪದರವಾಗಿ ಮಣ್ಣು ಕೆರೆಸಬೇಕು — ಇದನ್ನು ಕೈ ಆಡಿಸಿ ಆಡಿಸಿ ವಿವರಿಸುತ್ತಿದ್ದೆ. ಲಾಯದ ಕಡೆಯಿಂದ ಜೆಸಿಬಿಯ ಸದ್ದು ಕೇಳುತ್ತಿತ್ತು. ಕೇಳುತ್ತಿತ್ತು. ಇದನ್ನು ಎರಡು ಸಲ ಬರೆಯುತ್ತಿದ್ದೇನೆ, ಏಕೆಂದರೆ ಕೇಳಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡ ವರ್ಷಗಳಿವೆ. ಗಿರೀಶನಿಗೆ ಲಾಯದ ಹತ್ತಿರ ಹೋಗಬೇಡ ಎಂದು ಹೇಳಿ ಬಂದಿದ್ದೆನೇ? ಇಲ್ಲ. ಸುಣ್ಣದ ಚೌಕ ಏಕೆ ಹಾಕಿದ್ದು ಎಂದು ಅವನಿಗೆ ತಿಳಿಸಿದ್ದೆನೇ? ಅದೂ ಇಲ್ಲ.

ಆಪರೇಟರ್ ಸೆಲ್ವಂ ಓಡಿ ಬಂದ. ಮುಖ ಬೆವರಿತ್ತು. "ಮೇಡಂ, ಚಪ್ಪಡಿ ಅಂದ್ಕೊಂಡು ಎತ್ಬಿಟ್ಟೆ. ತಿರುಗ್ಸಿದ್ರೆ... ಸಾಮಿ ಕಲ್ಲು ಮೇಡಂ ಅದು."

ಬೆನ್ನು ಮೇಲಾಗಿ ಮಲಗಿದ ಕಲ್ಲು ಯಾರಿಗೇ ಆದರೂ ಚಪ್ಪಡಿಯಂತೆಯೇ ಕಾಣುತ್ತದೆ. ಅವನ ತಪ್ಪಿಲ್ಲ. ಅದು ಮೂರು ತುಂಡಾಗಿತ್ತು. ಒಂದರಲ್ಲಿ ಕತ್ತಿ ಎತ್ತಿದ ಕೈ, ಒಂದರಲ್ಲಿ ದನಗಳ ಸಾಲು. ನಡುವಿನ ಪಟ್ಟಿಯಲ್ಲಿ ಹಳಗನ್ನಡದ ಅಕ್ಷರ — ಸಾವಿರ ವರ್ಷದ ಹತ್ತಿರದ್ದು. ಮಂಡಿಯೂರಿ ಮಣ್ಣು ಒರೆಸಿ ಓದಿದೆ. ಊರ ದನ ಹೊಡೆದುಕೊಂಡು ಹೋಗುತ್ತಿದ್ದವರನ್ನು ತಡೆದು, ದನ ಮರಳಿಸಿ ಸತ್ತವನ ಕಲ್ಲು. ಸತ್ತವನ ಹೆಸರು ಇರಬೇಕಾದ ಕಡೆ ಬಕೆಟ್ಟಿನ ಹಲ್ಲು ಆಳವಾಗಿ ಗೀರಿಕೊಂಡು ಹೋಗಿ ಬಿಳಿ ಪುಡಿ ಉದುರುತ್ತಿತ್ತು. ಅಷ್ಟು ಶತಮಾನ ಉಳಿದಿದ್ದ ಹೆಸರು ನಾನು ಎರಡನೆಯ ಸಲ ಚಟ್ನಿ ಹಾಕಿಸಿಕೊಳ್ಳುವಷ್ಟರಲ್ಲಿ ಹೋಗಿತ್ತು.

ಗಿರೀಶ ಬಂದು ನೋಡಿದ. ಅವನು ಕೂಗಾಡಲಿಲ್ಲ, ಹೆದರಿಸಲಿಲ್ಲ. ಫೈಲು ತೆರೆದು ತೋರಿಸಿದ.

"ಮೇಡಂ, ಗುರುವಾರದ್ದು ನೀವೇ ಬರ್ದು ಕೊಟ್ಟಿದೀರಲ್ಲ, ಏನೂ ಇಲ್ಲ ಅಂತ. ಸೈನೂ ನಿಮ್ದೇ. ಈಗ ಇದೆ ಅಂದ್ರೆ, ಬೆಳಿಗ್ಗೆ ಎಲ್ಲಿದ್ರಿ ಅಂತ ಕೇಳ್ತಾರೆ. ಏನ್ ಹೇಳ್ತೀರಾ?"

ಮೊದಲೇ ಹೇಳಿದೆನಲ್ಲ, ಆ ಪ್ರಶ್ನೆ ಇದೇ. ‘ತಿಂಡಿ ತಿನ್ನುತ್ತಿದ್ದೆ’ ಎನ್ನುವ ಎರಡು ಪದ ನನ್ನ ಬಾಯಿಂದ ಹೊರಡಲಿಲ್ಲ. ಗಿರೀಶನನ್ನು ನಾನು ಎಷ್ಟು ಶಪಿಸಿದ್ದೇನೆ! ಆದರೆ ಅವನು ಕೇಳಿದ್ದು ನಾನೇ ನನ್ನನ್ನು ಕೇಳಬೇಕಿದ್ದ ಪ್ರಶ್ನೆ. ನನ್ನ ಮೌನವನ್ನು ಅವನು ಒಪ್ಪಿಗೆ ಎಂದುಕೊಂಡ — ಒಪ್ಪಿಗೆಯೇ ಆಗಿತ್ತು ಅದು. ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಂಡೆ. ಮಧ್ಯಾಹ್ನದ ಹೊತ್ತಿಗೆ ಮೂರು ತುಂಡುಗಳೂ ಲಾಯದ ಮೂಲೆಯ ಮ್ಯಾನ್‌ಹೋಲಿನ ಅಡಿಪಾಯಕ್ಕೆ ಹೋದವು, ಮೇಲೆ ಕಾಂಕ್ರೀಟು ಬಿತ್ತು. ಸೆಲ್ವಂ ಕಾಂಕ್ರೀಟು ಹಾಕುವಾಗ ದೂರ ಹೋಗಿ ನಿಂತಿದ್ದ. ಮಾರನೆಯ ದಿನ ಅವನು ಕೆಲಸಕ್ಕೆ ಬರಲಿಲ್ಲ. ನಾನು ಬಂದೆ, ಟೋಪಿ ಹಾಕಿಕೊಂಡು.

ಭಾನುವಾರ ಅಗೆತಕ್ಕೆ ರಜೆ; ವಾರದ ಕಾಗದಪತ್ರ ಮುಗಿಸಲು ನಾನು ಬಂದಿದ್ದೆ. ಗೇಟಿನ ಹತ್ತಿರ ಮುನಿಯಪ್ಪನವರು ಬಂದು ನಿಂತರು. ಪೈಪು ಲಾಯ ದಾಟಿದ್ದು ಅವರಿಗೆ ಗೊತ್ತಾಗಿತ್ತು. ನಾನು ಹೇಳಿ ಕಳಿಸುತ್ತೇನೆಂದು ಕಾದೂ ಕಾದೂ ತಾವೇ ಬಂದಿದ್ದರು. ಕೈಯಲ್ಲಿ ತಾಮ್ರದ ತಂಬಿಗೆ, ತೆಂಗಿನಕಾಯಿ, ಕಲ್ಲಿಗೆ ಹೊದಿಸಲು ಹೊಸ ಪಂಚೆ. ಹಿಂದೆ ಮಗ ನಾರಾಯಣಸ್ವಾಮಿ, ನಾಲ್ಕೈದು ಜನ ದಾಯಾದಿಗಳು. ಮಗ ಆಗಲೇ ಎರಡು ಕಡೆ ಬಿಲ್ಡಿಂಗ್ ಕಟ್ಟಿಸಿದ್ದವನು. ಗೋಡೆಯ ಪಕ್ಕದ ಆ ತುಂಡು ಜಮೀನಿನಲ್ಲೂ ಬಾಡಿಗೆ ಮನೆ ಎಬ್ಬಿಸಬೇಕೆಂದಿದ್ದ. ಎಡೆ ಇಡುವ ಜಾಗ ಮುಟ್ಟಕೂಡದು, ಕಲ್ಲು ಇರುವುದು ನಿಜ ಎಂದು ಮುದುಕ ತಡೆದಿದ್ದರು. ಸಿಕ್ಕರೆ ನಿನ್ನ ಮಾತು, ಸಿಗದಿದ್ದರೆ ನನ್ನ ಮಾತು ಎಂದು ಅಪ್ಪ ಮಗನ ನಡುವೆ ತೀರ್ಮಾನವಾಗಿತ್ತು. ಮುನಿಯಪ್ಪನವರು ಅದನ್ನು ನಗುನಗುತ್ತಲೇ ನನಗೆ ಹೇಳಿದರು — ಗೆದ್ದೇ ಬಿಟ್ಟೆ ಎಂಬ ನಗು ಅದು.

ಎಲ್ಲ ಗೊತ್ತಿದ್ದೇ ಹೇಳಿದೆ.

"ಅಲ್ಲಿ ಏನೂ ಇರ್ಲಿಲ್ಲ ತಾತ. ಬರೀ ಮಣ್ಣು."

"ಸರಿಯಾಗ್ ನೋಡ್ದೇನವ್ವ? ನೀನೇ ನಿಂತಿದ್ದಾ?"

"ನಾನೇ ನಿಂತಿದ್ದೆ."

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಒಬ್ಬ ದಾಯಾದಿ, "ಇಷ್ಟು ವರ್ಸ ನಮ್ ಕೈಲಿ ಬರೀ ಮಣ್ಣಿಗೆ ಎಡೆ ಇಕ್ಸಿದ್ಯಲ್ಲೋ ಮುನಿಯಪ್ಪಾ!" ಅಂದ. ಮಗ ನಗಲಿಲ್ಲ. "ನೋಡಪ್ಪಾ, ಓದಿರೋರೇ ಹೇಳ್ತಾವ್ರೆ. ಇನ್ನಾದ್ರೂ ಬಿಟ್ಬಿಡು," ಅಂದು ಅಪ್ಪನ ಕೈಯಿಂದ ತಂಬಿಗೆ ಇಸಿದುಕೊಂಡ.

ಮುನಿಯಪ್ಪನವರು ನನ್ನನ್ನು ಬೈಯಬೇಕಿತ್ತು. ಸುಳ್ಳಿ ಎನ್ನಬೇಕಿತ್ತು. ಅವರು ಏನು ಮಾಡಿದರು ಗೊತ್ತೇ? ನನಗೆ ಕೈ ಮುಗಿದರು. "ನಿಂಗ್ ಸುಮ್ನೆ ತೊಂದ್ರೆ ಕೊಟ್ಟೆ ಅಮ್ಮಣ್ಣಿ. ನಮ್ ತಾತ ತಪ್ಪು ತೋರ್ಸಿರಾಕಿಲ್ಲ. ನಾನೇ ಎಜ್ಜೆ ಲೆಕ್ಕ ಮರ್ತಿರ್ಬೇಕು." ಇಷ್ಟು ಹೇಳಿ ತೆಂಗಿನಕಾಯಿಯನ್ನು ಟವೆಲ್ಲಿನಲ್ಲಿ ಮುಚ್ಚಿಕೊಂಡು ಹೊರಟುಹೋದರು.

ಆ ವರ್ಷ ಪಿತೃಪಕ್ಷಕ್ಕೆ ಗೋಡೆಯ ಹತ್ತಿರ ಯಾರೂ ಎಡೆ ಇಡಲಿಲ್ಲವಂತೆ. ಅಷ್ಟರಲ್ಲಿ ಅಲ್ಲಿ ಪಿಲ್ಲರ್ ಎದ್ದಿದ್ದವು. ನಾನು ಕೆಲಸ ಮುಗಿಸಿ, ‘ಗಮನಾರ್ಹ ಅವಶೇಷ ಕಂಡುಬಂದಿಲ್ಲ’ ಎಂಬ ವರದಿ ಕೊಟ್ಟು, ಒಳ್ಳೆಯ ಪ್ರಮಾಣಪತ್ರ ಪಡೆದು ಬಂದೆ. ಶಿಫಾರಸು ಪತ್ರವೂ ಸಿಕ್ಕಿತು. ಈಗ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಪಾಠದ ವಿಷಯ ಕೇಳಿದರೆ ನೀವು ಉಗಿಯುತ್ತೀರಿ — ಕಟ್ಟಡ ಕಾಮಗಾರಿಗಳ ನಡುವೆ ಪ್ರಾಚ್ಯವಸ್ತುಗಳ ರಕ್ಷಣೆ. ಸ್ಥಳೀಯರ ನೆನಪನ್ನು ಗೌರವಿಸಿ ಎಂದು ಬೋರ್ಡಿನ ಮೇಲೆ ಬರೆದು ಕೆಳಗೆ ಗೆರೆ ಎಳೆಯುತ್ತೇನೆ! ಒಂದು ದಿನವೂ ನಾಲಿಗೆ ತೊದಲಲಿಲ್ಲ ನೋಡಿ, ನಾಚಿಕೆಗೆಟ್ಟದ್ದು. ಫೋಟೋ ಮಾತ್ರ ಮೊಬೈಲಿನಿಂದ ಮೊಬೈಲಿಗೆ ದಾಟಿಸಿಕೊಂಡೇ ಬಂದೆ. ಏಕೆ ಎಂದು ಕೇಳಿದರೆ... ಒಮ್ಮೊಮ್ಮೆ, ಬೇರೆ ಎಲ್ಲೋ ಸಿಕ್ಕಿದ್ದೆಂದು ಬರೆದು ಲೇಖನ ಮಾಡಬಹುದಲ್ಲ ಎಂದೂ ಯೋಚಿಸಿದ್ದುಂಟು. ಅಷ್ಟು ಕೆಳಗೆ ಇಳಿದಿದ್ದೆ.

2019ರ ಬೇಸಿಗೆ. ಅಮೃತಹಳ್ಳಿಯಲ್ಲಿ ಬಸ್ಸು ಟ್ರಾಫಿಕ್‌ನಲ್ಲಿ ನಿಂತಿತ್ತು. ಕಿಟಕಿಯಿಂದ ನೋಡಿದರೆ ದೊರೆ ತೋಟದ ಗೋಡೆಯ ಪಕ್ಕದ ಫುಟ್‌ಪಾತಿನಲ್ಲಿ ಒಬ್ಬರು ಬರಿಗಾಲಿನಲ್ಲಿ ನಡೆಯುತ್ತಿದ್ದರು. ತುಟಿ ಅಲ್ಲಾಡುತ್ತಿತ್ತು. ಒಂದಷ್ಟು ದೂರ ಬಂದು ನಿಂತು, ತಲೆ ಕೊಡವಿ, ತಿರುಗಿ ಹೋಗಿ, ಮತ್ತೆ ಮೊದಲಿನಿಂದ ಹೆಜ್ಜೆ ಹಾಕಿದರು. ನನ್ನ ಮುಂದಿನ ಸೀಟಿನಲ್ಲಿದ್ದ ಹೆಂಗಸು ಪಕ್ಕದವಳಿಗೆ ಹೇಳಿದಳು: "ಅದೇ ಕಣೇ, ಲೆಕ್ಕದ್ ತಾತ. ದಿನಾ ಹಿಂಗೇ. ಪಾಪ, ತಲೆ ಕೆಟ್ಟೋಗಿದೆ."

ತಲೆ ಕೆಟ್ಟಿರಲಿಲ್ಲ. ನಾನು ಕೆಡಿಸಿದ್ದೆ. ಸರಿಯಾಗಿದ್ದ ಲೆಕ್ಕದಲ್ಲಿ ತಪ್ಪು ಹುಡುಕುತ್ತ ಒಬ್ಬ ಮನುಷ್ಯ ಏಳು ವರ್ಷ ಸವೆಸಿದ್ದ. ಇಳಿದೆನೇ? ಇಳಿಯಲಿಲ್ಲ. ಬಸ್ಸು ಹೊರಟಿತು, ನಾನೂ ಹೋದೆ. ಮನೆಗೆ ಹೋಗಿ ಕನ್ನಡಿಯ ಮುಂದೆ ನಿಂತು ನನ್ನ ಕೆನ್ನೆಗೆ ನಾನೇ ಹೊಡೆದುಕೊಂಡೆ. ಅದರಿಂದ ಯಾರಿಗೇನು ಬಂತು? ಮಾರನೆಯ ದಿನ ಆ ಶರತ್ತು ಹಾಕಿದ್ದ ಕಚೇರಿಗೆ ಎಲ್ಲವನ್ನೂ ಬರೆದು, ಫೋಟೋ ಲಗತ್ತಿಸಿ, ಸಹಿ ಮಾಡಿ ಕಳಿಸಿದೆ. ಉತ್ತರ ಇನ್ನೂ ಬಂದಿಲ್ಲ. ಕಲ್ಲು ಇನ್ನೂ ಮ್ಯಾನ್‌ಹೋಲಿನ ಕೆಳಗೇ ಇದೆ.

ಭಾನುವಾರ ಅವರ ಮನೆಗೆ ಹೋದೆ. ಜಗಲಿಯ ಮೇಲೆ ಕೂತಿದ್ದರು. ನನ್ನ ಗುರುತು ಹತ್ತಲಿಲ್ಲ. ನಾನು ಕೆಳಗೆ ಕೂತು, ಒಂದೇ ಉಸಿರಿನಲ್ಲಿ, ಇಡ್ಲಿಯನ್ನೂ ಬಿಡದೆ ಹೇಳಿದೆ. ಫೋಟೋ ತೋರಿಸಿದೆ. ಅವರು ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು.

"ಎಸ್ರು ಬರ್ದೈತಾ?"

"ಇತ್ತು ತಾತ. ಒಡೆದು ಹೋಯ್ತು. ನನ್ನಿಂದ."

ಅಳುತ್ತಾರೆ ಎಂದುಕೊಂಡೆ. ಅವರು ಅಳಲಿಲ್ಲ, ಒಳಗೆ ತಿರುಗಿ ಕೂಗಿದರು: "ಲೋ ನಾರಾಣಾ, ಬಾರೋ ಈಚೆಗೆ! ಈಯಮ್ಮ ಏನ್ ಯೋಳ್ತಾಳೆ ಕೇಳು." ಮಗ ಬಂದ. "ಇನ್ನೊಂದ್ ಕಿತ ಯೋಳು," ಅಂದರು ನನಗೆ. "ಜೋರಾಗ್ ಯೋಳು."

ಹೇಳಿದೆ. ನಾರಾಯಣಸ್ವಾಮಿ ತಾನು ಕಟ್ಟಿದ ಮನೆಗಳ ಕಡೆ ನೋಡಿ, ಗೋಡೆಗೆ ಒರಗಿ ನಿಂತುಬಿಟ್ಟ. ಮುನಿಯಪ್ಪನವರು ಕೋಲು ಹಿಡಿದು ಎದ್ದರು. "ನಡಿ," ಅಂದರು. ಬೀದಿಗೆ ಇಳಿದರು. ಮೊದಲ ಮನೆ ಆ ದಾಯಾದಿಯದು, ಬರೀ ಮಣ್ಣಿಗೆ ಎಡೆ ಎಂದು ಆಡಿಕೊಂಡವನದು. ಬಾಗಿಲು ಬಡಿದು ಅವನನ್ನು ಹೊರಗೆ ಕರೆದರು. "ಯೋಳು," ಅಂದರು. ಹೇಳಿದೆ. ಎರಡನೆಯ ಮನೆ. ಮೂರನೆಯ ಮನೆ. ಕಿರಾಣಿ ಅಂಗಡಿ. ಹಾಲಿನ ಬೂತು. ಎಲ್ಲ ಕಡೆಯೂ ಒಂದೇ ಮಾತು — ಇವರು ಹೇಳಿದ ಜಾಗದಲ್ಲೇ ಕಲ್ಲು ಇತ್ತು, ನಾನು ಸುಳ್ಳು ಹೇಳಿದೆ. ಒಬ್ಬ ಹೆಂಗಸು ನನ್ನ ಮುಖಕ್ಕೆ ಉಗಿಯುವ ಹಾಗೆ ಬೈದಳು. ಒಬ್ಬ, "ಹೋಗ್ಲಿ ಬಿಡಿ ಮೇಡಂ, ಹಳೇದಾಯ್ತು," ಅಂದ. ಮುನಿಯಪ್ಪನವರು ಅವನ ಮೇಲೆ ಕೋಲು ಎತ್ತಿದರು. "ನಿಂಗೆ ಅಳೇದು ಕಣ್ಲಾ," ಅಂದರು.

ಬೀದಿಯ ಕೊನೆಯ ಮನೆ ಮುಗಿಯುವಾಗ ಬಿಸಿಲು ನೆತ್ತಿಗೆ ಬಂದಿತ್ತು. ನನ್ನ ಗಂಟಲು ಕಟ್ಟಿತ್ತು. ಅವರಿಗೂ ಏದುಸಿರು. ಕುಡಿಯಲು ನೀರು ಕೊಡಿಸಲೇ ತಾತ ಎಂದು ಕೇಳಿದೆ.

"ತಾತ ಗೀತ ಅನ್ಬ್ಯಾಡ ನನ್ನ," ಅಂದರು, ನನ್ನ ಕಡೆ ನೋಡದೆ. "ನಾಳೆ ಬಾ. ಆ ಕಡೆ ಬೀದಿ ಇನ್ನೂ ಐತೆ."

ಮಾರನೆಯ ದಿನ ಕಾಲೇಜಿಗೆ ರಜೆ ಹಾಕಿ ಹೋದೆ. ನಾನು ಹೋಗುವಷ್ಟರಲ್ಲಿ ಅವರು ಆ ಬೀದಿಯ ಮೊದಲ ಮನೆಯ ಮುಂದೆ ಬಂದು ನಿಂತಿದ್ದರು.